ತಕ್ಕಡಿಗೆ ಸಿಗದ ಎರಡು ಔನ್ಸ್

ಕಳೆದ ವರ್ಷ ಜುಲೈ ತಿಂಗಳ ಒಂದು ಸಂಜೆ ಅಪ್ಪ ಒಂದು ಫೋಟೋ ಕಳಿಸಿದರು. ನಮ್ಮ ಹೊಲದ ಮೆಕ್ಕೆಜೋಳ. ಬಿತ್ತಿ ಮೂರು ವಾರವಾಗಿತ್ತು. ಸುಳಿಯಿಂದ ಆಗಷ್ಟೇ ಬಿಚ್ಚಿಕೊಂಡ ಎಲೆಗಳಲ್ಲಿ, ನಡುನರದ ಎರಡೂ ಬದಿಗೆ, ಸುಣ್ಣ ಬಳಿದಂತೆ ಬಿಳಿಚಿದ ಪಟ್ಟೆಗಳು. ಫೋಟೋದ ಹಿಂದೆಯೇ ಫೋನು ಬಂತು. "ಯವ್ವಾ, ಇದನ್ನೊಂದೀಟು ನೋಡು. ನೀ ಓದೂದು ಇದನ್ನ ಅಲ್ಲೇನು? ಗೊಬ್ಬರದಂಗಡ್ಯಾಗ ಕೇಳಿದ್ರ ಇನ್ನೊಂದು ಚೀಲ ಯೂರಿಯಾ ಒಗೀರಿ ಅಂತಾರ."

ನಿಜ ಹೇಳಬೇಕೆಂದರೆ ನಾನು ಓದುವುದು ಇದನ್ನಲ್ಲ. ನನ್ನ ಸಂಶೋಧನೆ ಕೃಷಿ ರಸಾಯನಶಾಸ್ತ್ರದ ಇತಿಹಾಸದ ಮೇಲೆ. ಗಿಡ ಬಿಳಿಚಿಕೊಂಡರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗಿಡ ಏನನ್ನು ತಿಂದು ಬೆಳೆಯುತ್ತದೆ ಎಂದು ಮುನ್ನೂರು ವರ್ಷಗಳಿಂದ ಯಾರು ಯಾರು ಏನೇನು ಅಂದುಕೊಂಡಿದ್ದರು ಎಂಬುದಷ್ಟೇ ಗೊತ್ತು. ಫೋಟೋವನ್ನು ಕೃಷಿ ಪದವಿ ಓದಿದ ಗೆಳತಿಗೆ ಕಳಿಸಿದೆ. ಸತುವಿನ ಕೊರತೆ ಇರಬೇಕು, ಯೂರಿಯಾ ಈಗ ಬೇಡ, ಮಣ್ಣು ಪರೀಕ್ಷೆ ಮಾಡಿಸಿ ಎಂದಳು. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತವೆ, ಏಕೆಂದರೆ ಗಿಡ ಅದನ್ನು ಹಳೆಯ ಎಲೆಯಿಂದ ಬಿಡಿಸಿ ಹೊಸ ಎಲೆಗೆ ಸಾಗಿಸಬಲ್ಲದು. ಸತುವನ್ನು ಹಾಗೆ ಸಾಗಿಸುವುದು ಗಿಡಕ್ಕೆ ಕಷ್ಟ, ಅದಕ್ಕೇ ಹೊಸ ಎಲೆ ಬಿಳಿಚುತ್ತದೆ ಎಂದು ವಿವರಿಸಿದಳು. ಒಂದು ಎಕರೆ ಮೆಕ್ಕೆಜೋಳ ಬಿತ್ತಿದಾಗಿನಿಂದ ಕೊಯ್ಲಿನವರೆಗೆ ಎಷ್ಟು ಸತು ಹೀರುತ್ತದೆ ಎಂದು ಕೇಳಿದೆ. "ನೂರು, ನೂರೈವತ್ತು ಗ್ರಾಂ ಇರಬಹುದು" ಎಂದಳು. ಇಡೀ ಎಕರೆಗೆ ಒಂದು ಹಿಡಿ ಲೋಹ!

ಆ ಹೊತ್ತಿಗೆ ನಾನು ಬರೆಯುತ್ತಿದ್ದ ಅಧ್ಯಾಯದಲ್ಲಿಯೂ ಇಂಥದೇ ಒಂದು ಸಣ್ಣ ಸಂಖ್ಯೆ ಇತ್ತು. ಎರಡು ಔನ್ಸ್. ಇಂದಿನ ಲೆಕ್ಕದಲ್ಲಿ ಸುಮಾರು 57 ಗ್ರಾಂ. ಸಸ್ಯಶಾಸ್ತ್ರದ ಅತ್ಯಂತ ಪ್ರಸಿದ್ಧ ಪ್ರಯೋಗವೊಂದರಲ್ಲಿ ಲೆಕ್ಕಕ್ಕೆ ಬರದೆ ಹೋದ ತೂಕ ಅದು.

ಕುಂಡದಲ್ಲಿ ನೆಟ್ಟ ಮರ

ಜಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಹದಿನೇಳನೇ ಶತಮಾನದ ಮೊದಲರ್ಧದಲ್ಲಿ ಬ್ರಸೆಲ್ಸ್ ಸುತ್ತಮುತ್ತ ಬದುಕಿದ ವೈದ್ಯ. ಜಗತ್ತಿನ ವಸ್ತುಗಳೆಲ್ಲ ಮೂಲತಃ ನೀರಿನಿಂದಲೇ ಆದವು ಎಂದು ನಂಬಿದ್ದವನು. ಅವನ ಬರಹಗಳಿಗಾಗಿ ಚರ್ಚು ವಿಚಾರಣೆ ನಡೆಸಿ ಅವನನ್ನು ಗೃಹಬಂಧನದಲ್ಲಿಟ್ಟಿತ್ತು. 1644ರಲ್ಲಿ ಅವನು ತೀರಿಕೊಂಡ. ನಾಲ್ಕು ವರ್ಷಗಳ ನಂತರ ಮಗ ಅವನ ಬರಹಗಳನ್ನು ಒಟ್ಟುಗೂಡಿಸಿ 'ಓರ್ಟುಸ್ ಮೆಡಿಸಿನೇ' ಎಂಬ ಲ್ಯಾಟಿನ್ ಗ್ರಂಥವಾಗಿ ಅಚ್ಚು ಹಾಕಿಸಿದ. ಆ ದಪ್ಪ ಗ್ರಂಥದ ಒಂದು ಪುಟ್ಟ ಪ್ಯಾರಾದಲ್ಲಿ ಈ ಪ್ರಯೋಗವಿದೆ.

ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣನ್ನು ಅವನು ಒಂದು ಮಣ್ಣಿನ ಕುಂಡಕ್ಕೆ ತುಂಬಿದ. ಐದು ಪೌಂಡ್ ತೂಗುವ ವಿಲೋ ಸಸಿಯೊಂದನ್ನು ನೆಟ್ಟ. ನಾವು ಕ್ರಿಕೆಟ್ ಬ್ಯಾಟಿನ ಮೂಲಕ ಬಲ್ಲೆವಲ್ಲ, ಅದೇ ಜಾತಿಯ ಮರ. ಧೂಳು ಬೀಳದ ಹಾಗೆ ತೂತುಗಳಿದ್ದ ತಗಡಿನ ಮುಚ್ಚಳ ಹಾಕಿದ. ಐದು ವರ್ಷ ಮಳೆನೀರು ಅಥವಾ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಿದ. ಕೊನೆಗೆ ಮರವನ್ನು ಕಿತ್ತು ತೂಗಿದರೆ 169 ಪೌಂಡ್, ಮೇಲೆ ಮೂರು ಔನ್ಸ್. ಉದುರಿದ ಎಲೆಗಳನ್ನು ಅವನು ತೂಗಿರಲಿಲ್ಲ. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ. 200 ಪೌಂಡಿಗೆ ಸುಮಾರು ಎರಡು ಔನ್ಸ್ ಕಡಿಮೆ ಇತ್ತು. ಹಾಗಾದರೆ 164 ಪೌಂಡಿನ ಕಟ್ಟಿಗೆ, ತೊಗಟೆ, ಬೇರು ಎಲ್ಲವೂ ಬರೀ ನೀರಿನಿಂದ ಆದದ್ದು ಎಂದು ತೀರ್ಮಾನಿಸಿದ.

ಅಲ್ಲಿಯವರೆಗೆ ಯುರೋಪು ನಂಬಿದ್ದು ಅರಿಸ್ಟಾಟಲನನ್ನು. ಪ್ರಾಣಿಗಳಿಗೆ ಹೊಟ್ಟೆ ಇದೆ, ಗಿಡಕ್ಕಿಲ್ಲ. ಗಿಡಕ್ಕೆ ಮಣ್ಣೇ ಹೊಟ್ಟೆ, ಅಲ್ಲಿ ಪಕ್ವವಾದ ಆಹಾರವನ್ನು ಬೇರು ಹೀರುತ್ತದೆ ಎಂಬುದು ಆ ವಾದ. ಗಿಡ ಮಣ್ಣನ್ನು ತಿನ್ನುವುದಾದರೆ ಮಣ್ಣು ಕರಗಬೇಕಲ್ಲವೇ ಎಂಬುದು ಹೆಲ್ಮಾಂಟನ ಸರಳ ಪ್ರಶ್ನೆ. ಕರಗಲಿಲ್ಲ, ಆದ್ದರಿಂದ ತಿನ್ನುವುದಿಲ್ಲ. ತರ್ಕ ಗಟ್ಟಿಯಾಗಿಯೇ ಕಾಣುತ್ತದೆ.

ಈ ಪ್ರಯೋಗವನ್ನು ಇಂದು ಪಾಠ ಮಾಡುವಾಗ ಹೆಲ್ಮಾಂಟ್ ಗಾಳಿಯನ್ನು ಮರೆತ ಎಂದು ಹೇಳುತ್ತೇವೆ. ಅದು ಸರಿ. ಮರದ ಒಣ ತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದು. ಆದರೆ ಅವನು ಮಣ್ಣನ್ನೂ ಕೈಬಿಟ್ಟ ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಎರಡು ಔನ್ಸ್ ಎಲ್ಲಿ ಹೋಯಿತು ಎಂದು ಅವನು ಕೇಳಲಿಲ್ಲ. ಅವನನ್ನು ಅದಕ್ಕಾಗಿ ಹೀಯಾಳಿಸುವಂತೆಯೂ ಇಲ್ಲ. 200 ಪೌಂಡಿನಲ್ಲಿ ಎರಡು ಔನ್ಸ್ ಎಂದರೆ 1600ರಲ್ಲಿ ಒಂದು ಪಾಲು. ಎರಡು ಸಲ ಒಲೆಯಲ್ಲಿ ಒಣಗಿಸಿದ ಮಣ್ಣು ಅಷ್ಟು ನಿಖರವಾಗಿ ಒಂದೇ ಹದಕ್ಕೆ ಬರುವುದೇ ಅನುಮಾನ. ಬೇರಿಗೆ ಅಂಟಿದ ಮಣ್ಣು ಅದಕ್ಕಿಂತ ಹೆಚ್ಚಿರಬಹುದು. ತಕ್ಕಡಿ ಹಿಡಿದ ಯಾರಾದರೂ ಅದನ್ನು ತೂಕದ ತಪ್ಪು ಎಂದೇ ಬಿಡುತ್ತಿದ್ದರು.

ವಿಚಿತ್ರವೆಂದರೆ ಎರಡು ಔನ್ಸಿನ ಸುಳಿವು ಅವನ ಪುಸ್ತಕದಲ್ಲಿಯೇ ಬೇರೆಡೆ ಇತ್ತು. 62 ಪೌಂಡ್ ಇದ್ದಿಲನ್ನು ಸುಟ್ಟರೆ ಒಂದು ಪೌಂಡ್ ಬೂದಿ ಉಳಿಯುತ್ತದೆ, ಮಿಕ್ಕ 61 ಪೌಂಡ್ ಕಣ್ಣಿಗೆ ಕಾಣದ ಆವಿಯಾಗಿ ಹೋಗುತ್ತದೆ ಎಂದು ಅವನು ಬರೆದಿದ್ದ. ಅಂಥ ಆವಿಗೆ ಹೆಸರಿಡಲು ಅವನು ಕಟ್ಟಿದ ಪದವೇ 'ಗ್ಯಾಸ್'. ನಮ್ಮ ಅಡುಗೆಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪದ. ಆ 61 ಪೌಂಡ್ ಗ್ಯಾಸಿನಲ್ಲಿ ಗಾಳಿಯ ಪಾಲಿತ್ತು, ಒಂದು ಪೌಂಡ್ ಬೂದಿಯಲ್ಲಿ ಮಣ್ಣಿನ ಪಾಲಿತ್ತು. ಎರಡೂ ಅವನ ಕೈಯಲ್ಲಿದ್ದವು. ಕುಂಡದ ಮರಕ್ಕೂ ಒಲೆಯ ಬೂದಿಗೂ ಗಂಟು ಹಾಕಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು.

ಪುದೀನ ಮತ್ತು ಕೊಳೆನೀರು

ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಇಂಥದೇ ಪ್ರಯೋಗವನ್ನು ಕುಂಬಳದ ಜಾತಿಯ ಬಳ್ಳಿಯ ಮೇಲೆ ಮಾಡಿಸಿ, 1661ರಲ್ಲಿ ನೀರಿನ ಪರವಾಗಿಯೇ ಬರೆದ. ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವನು ಜಾನ್ ವುಡ್‌ವರ್ಡ್. ಅವನು 1690ರ ದಶಕದಲ್ಲಿ ಪುದೀನ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರಿನಲ್ಲಿ ಬೆಳೆಸಿ, 1699ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ. ಮಳೆನೀರಿನ ಗಿಡ ತನ್ನ ತೂಕದ ಒಂದೂವರೆ ಪಟ್ಟು ದಾಟುವಷ್ಟು ಬೆಳೆಯಿತು. ಹೈಡ್ ಪಾರ್ಕಿನ ಕಾಲುವೆಯ ನೀರಿನಲ್ಲಿಟ್ಟದ್ದು ಎರಡು ಪಟ್ಟಿಗಿಂತ ಹೆಚ್ಚಾಯಿತು. ಅದೇ ನೀರಿಗೆ ಸ್ವಲ್ಪ ತೋಟದ ಮಣ್ಣು ಕಲಸಿದಾಗ ನಾಲ್ಕು ಪಟ್ಟಾಯಿತು.

ನೀರೇ ಆಹಾರವಾಗಿದ್ದರೆ ಎಲ್ಲ ನೀರಿನಲ್ಲಿಯೂ ಗಿಡ ಒಂದೇ ಸಮನೆ ಬೆಳೆಯಬೇಕಿತ್ತು. ನೀರು ಕೊಳೆಯಾದಷ್ಟೂ ಗಿಡ ಹುಲುಸಾಯಿತು. ಹಾಗಾಗಿ ನೀರಲ್ಲ, ನೀರಿನೊಳಗೆ ಬೆರೆತ ಮಣ್ಣಿನ ಯಾವುದೋ ಅಂಶ ಗಿಡವನ್ನು ಕಟ್ಟುತ್ತದೆ, ನೀರು ಅದನ್ನು ಹೊತ್ತು ತರುವ ಬಂಡಿ ಎಂದು ವುಡ್‌ವರ್ಡ್ ವಾದಿಸಿದ. ಅವನು ತಕ್ಕಡಿಯನ್ನೇ ಬಳಸಿದರೂ ಪ್ರಶ್ನೆ ಬದಲಾಗಿತ್ತು. ಹೆಲ್ಮಾಂಟ್ ಮಣ್ಣು ಎಷ್ಟು ಕರಗಿತು ಎಂದು ಕೇಳಿದ್ದ. ವುಡ್‌ವರ್ಡ್ ಮಣ್ಣು ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದ.

ಆ 'ಯಾವುದೋ ಅಂಶ' ಏನು ಎಂಬುದಕ್ಕೆ ಆ ಕಾಲದ ರಸಾಯನಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಮುಂದೆ 1730ರ ದಶಕದಲ್ಲಿ ಜೆತ್ರೋ ಟಲ್ ಎಂಬ ಇಂಗ್ಲಿಷ್ ಜಮೀನುದಾರ, ಬೇರುಗಳಿಗೆ ಸಣ್ಣ ಸಣ್ಣ ಬಾಯಿಗಳಿವೆ, ಮಣ್ಣಿನ ನುಣ್ಣನೆಯ ಕಣಗಳನ್ನು ಅವು ನುಂಗುತ್ತವೆ ಎಂದು ಬರೆದ. ಮಣ್ಣು ಪುಡಿಯಾದಷ್ಟೂ ಗಿಡಕ್ಕೆ ತುತ್ತು ಸಲೀಸು, ಅದಕ್ಕೇ ಸಾಲುಗಳ ನಡುವೆ ಎಡೆ ಹೊಡೆಯುತ್ತಿರಬೇಕು ಎಂದ. ಕಾರಣ ತಪ್ಪು, ಎಡೆ ಹೊಡೆಯುವುದು ಸರಿ. ಕೃಷಿಯ ಇತಿಹಾಸದಲ್ಲಿ ಇಂಥವು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ.

ಬೂದಿಯ ಸಾಕ್ಷಿ

ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಒಲೆ ಇತ್ತು. ಬೆಳಿಗ್ಗೆ ಒಲೆಯ ಬೂದಿ ತೆಗೆದು ಹಿತ್ತಲಿಗೆ ಒಯ್ಯುವುದು ನನ್ನ ಕೆಲಸ. ತಿಪ್ಪೆಗೆ ಸುರಿಯಲು ಹೋದರೆ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು. "ಎಲ್ಲಾನೂ ಅಲ್ಲೇ ಸುರೀಬ್ಯಾಡ, ಬದನಿ ಗಿಡದ ಬುಡಕ್ಕೊಂದೀಟು ಹಾಕು." ಯಾಕೆ ಎಂದು ಕೇಳಿದರೆ ಹುಳ ಬರೂದಿಲ್ಲ, ಕಾಯಿ ಚಲೋ ಬಿಡ್ತಾವ ಎನ್ನುತ್ತಿದ್ದಳು. ಸುಟ್ಟುಹೋದ ಕಟ್ಟಿಗೆಯಲ್ಲಿ ಏನು ಉಳಿದಿರಲು ಸಾಧ್ಯ ಎಂದು ಆಗ ನನಗೆ ಅನಿಸುತ್ತಿತ್ತು.

ಇದೇ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತಂದವನು ಜಿನೀವಾದ ನಿಕೊಲಾ ತಿಯೊಡೋರ್ ದ ಸೋಸ್ಯೂರ್. 1804ರಲ್ಲಿ ಬಂದ ಅವನ ಪುಸ್ತಕ ಗಿಡದ ಲೆಕ್ಕವನ್ನು ಮೊದಲ ಬಾರಿಗೆ ಪೂರ್ತಿ ತೆರೆದಿಟ್ಟಿತು. ಇಂಗಾಲ ಗಾಳಿಯಿಂದ, ಜಲಜನಕ ನೀರಿನಿಂದ ಬರುತ್ತದೆ ಎಂದು ತೋರಿಸಿದ ಮೇಲೆ ಅವನು ಬೂದಿಗೆ ಕೈ ಹಾಕಿದ. ಹತ್ತಾರು ಗಿಡಗಳನ್ನು ಸುಟ್ಟು, ಬೂದಿಯನ್ನು ವಿಶ್ಲೇಷಿಸಿದ. ಗಿಡ ಯಾವುದೇ ಇರಲಿ, ಸುಣ್ಣದ ಫಾಸ್ಫೇಟ್ ಎಲ್ಲದರಲ್ಲಿಯೂ ಸಿಕ್ಕಿತು. ಪ್ರಮಾಣ ತೀರಾ ಕಡಿಮೆ. ಆದರೆ ಕಡಿಮೆ ಇದೆ ಎಂದ ಮಾತ್ರಕ್ಕೆ ಬೇಡದ್ದು ಎನ್ನಲಾಗದು ಎಂದು ಅವನು ವಾದಿಸಿದ. ಪ್ರಾಣಿಯ ದೇಹದಲ್ಲಿ ಆ ಫಾಸ್ಫೇಟ್ ತೂಕದಲ್ಲಿ ಅಲ್ಪವೇ, ಹಾಗೆಂದು ಮೂಳೆ ಬೇಡ ಎಂದು ಯಾರೂ ಹೇಳುವುದಿಲ್ಲವಲ್ಲ.

ಅವನ ಇನ್ನೊಂದು ಪ್ರಯೋಗ ಇನ್ನೂ ಮುಖ್ಯ. ಬೇರು ಸಹಿತ ಗಿಡಗಳನ್ನು ಉಪ್ಪಿನ ದ್ರಾವಣಗಳಲ್ಲಿಟ್ಟ. ಬೇರು ಬರೀ ಹೀರುವ ಬತ್ತಿಯಾಗಿದ್ದರೆ ನೀರು ಮತ್ತು ಉಪ್ಪು ಒಂದೇ ಪ್ರಮಾಣದಲ್ಲಿ ಒಳಗೆ ಹೋಗಬೇಕು. ಹಾಗಾಗಲಿಲ್ಲ. ನೀರು ಹೆಚ್ಚು ಹೋಯಿತು, ಉಪ್ಪು ಕಡಿಮೆ. ಅದರಲ್ಲಿಯೂ ಒಂದು ಉಪ್ಪು ಹೆಚ್ಚು, ಇನ್ನೊಂದು ಕಡಿಮೆ. ಬೇರು ಆರಿಸಿಕೊಳ್ಳುತ್ತಿತ್ತು.

ಆದರೆ ಜರ್ಮನಿಯ ಹೊಲಗಳಲ್ಲಿ ಇನ್ನೊಂದು ನಂಬಿಕೆ ಬೇರೂರಿತ್ತು. ಕೊಳೆತ ಎಲೆ, ಸಗಣಿಯಿಂದ ಆಗುವ ಕಪ್ಪು ಕಳಿತ ಮಣ್ಣೇ ಗಿಡದ ಆಹಾರ ಎಂದು ಆ ಕಾಲದ ದೊಡ್ಡ ಕೃಷಿ ಪಂಡಿತ ಆಲ್ಬ್ರೆಕ್ಟ್ ಥೇರ್ ಕಲಿಸುತ್ತಿದ್ದ. ಅವನ ಶಿಷ್ಯನೇ ಆದ ಕಾರ್ಲ್ ಸ್ಪ್ರೆಂಗೆಲ್ 1820ರ ದಶಕದ ಕೊನೆಯ ಹೊತ್ತಿಗೆ ಗುರುವಿನ ಮಾತನ್ನು ತಳ್ಳಿಹಾಕಿದ. ಕಳಿತ ಮಣ್ಣಿನಲ್ಲಿರುವ ಖನಿಜ ಲವಣಗಳು ಗಿಡಕ್ಕೆ ಬೇಕು, ಅವುಗಳಲ್ಲಿ ಒಂದೇ ಒಂದು ಸಾಲದಿದ್ದರೂ ಮಿಕ್ಕವೆಷ್ಟಿದ್ದರೂ ಬೆಳೆ ಬಾರದು ಎಂದ. ಇದೇ ಮುಂದೆ 'ಕನಿಷ್ಠದ ನಿಯಮ' ಎಂದು ಹೆಸರಾಯಿತು. ಹೆಸರು ಬಂದದ್ದು ಮಾತ್ರ ಬೇರೆಯವನಿಗೆ. 1840ರಲ್ಲಿ ಗೀಸೆನ್‌ನ ರಸಾಯನ ಪ್ರಾಧ್ಯಾಪಕ ಯುಸ್ಟುಸ್ ಫಾನ್ ಲೀಬಿಗ್ ಇದನ್ನೆಲ್ಲ ಸೇರಿಸಿ ಬರೆದ ಪುಸ್ತಕ ಯುರೋಪಿನಾದ್ಯಂತ ಓದಿಸಿಕೊಂಡಿತು. ಅತಿ ಗಿಡ್ಡ ಹಲಗೆಯ ಮಟ್ಟಕ್ಕಿಂತ ಮೇಲೆ ನೀರು ನಿಲ್ಲದ ಮರದ ಪೀಪಾಯಿಯ ಚಿತ್ರವನ್ನು ಇಂದಿಗೂ ಲೀಬಿಗ್‌ನ ಪೀಪಾಯಿ ಎನ್ನುತ್ತಾರೆ. ಸ್ಪ್ರೆಂಗೆಲ್‌ಗೆ ಸಲ್ಲಬೇಕಾದ್ದನ್ನು ಇತಿಹಾಸಕಾರರು ಸಲ್ಲಿಸಿದ್ದು ಬಹಳ ತಡವಾಗಿ.

ಅಜ್ಜಿಯ ಬೂದಿಯಲ್ಲಿ ಇದ್ದದ್ದು ಇದೇ. ಪೊಟ್ಯಾಷ್ ಎಂಬ ಗೊಬ್ಬರದ ಹೆಸರಿನ ಮೂಲ ಅರ್ಥವೂ 'ಮಡಕೆಯ ಬೂದಿ'. ಕಟ್ಟಿಗೆ ಸುಟ್ಟ ಬೂದಿಯನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಮಡಕೆಯಲ್ಲಿ ಕಾಯಿಸಿ ತೆಗೆಯುತ್ತಿದ್ದ ಉಪ್ಪು ಅದು. ಬೆಂಕಿಗೆ ಹಾಕಿದಾಗ ಗಿಡ ಗಾಳಿಯಿಂದ ಪಡೆದದ್ದು ಗಾಳಿಗೆ ಹೋಗುತ್ತದೆ, ಮಣ್ಣಿನಿಂದ ಪಡೆದದ್ದರ ಬಹುಪಾಲು ಒಲೆಯಲ್ಲಿ ಉಳಿಯುತ್ತದೆ. ಸಾರಜನಕ ಮಾತ್ರ ಹೊಗೆಯ ಜೊತೆ ಹಾರಿಹೋಗುತ್ತದೆ. ಹಾಗಾಗಿ ಬೂದಿಯೊಂದೇ ಗೊಬ್ಬರವಾಗಲಾರದು; ಅಜ್ಜಿಯೂ ಸಗಣಿ ಗೊಬ್ಬರವನ್ನು ಬಿಟ್ಟವಳಲ್ಲ.

ಸೋತ ಗೊಬ್ಬರ

ಲೀಬಿಗ್ ಬರೀ ಪುಸ್ತಕ ಬರೆದು ಸುಮ್ಮನಾಗಲಿಲ್ಲ. 1845ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು ತನ್ನದೇ ಖನಿಜ ಗೊಬ್ಬರವನ್ನು ಮಾರುಕಟ್ಟೆಗೆ ತಂದ. ಬೇಕಾದ ಲವಣಗಳೆಲ್ಲ ಅದರಲ್ಲಿದ್ದವು. ರೈತರು ಹಣ ಕೊಟ್ಟು ಕೊಂಡು ಹಾಕಿದರು. ಬೆಳೆ ಬರಲಿಲ್ಲ.

ಸೋಲಿನ ಕಾರಣ ಒಂದು ಆತಂಕ. ನೀರಿನಲ್ಲಿ ಕರಗುವ ಲವಣ ಹಾಕಿದರೆ ಮಳೆ ಬಂದಾಗ ತೊಳೆದು ಹೋದೀತು ಎಂದು ಲೀಬಿಗ್ ಹೆದರಿದ್ದ. ಆದ್ದರಿಂದ ಲವಣಗಳನ್ನು ಬೆಂಕಿಯಲ್ಲಿ ಕರಗಿಸಿ ಬೆಸೆದು, ಸುಲಭವಾಗಿ ನೀರಿಗೆ ಬಿಡದಂತೆ ಮಾಡಿದ್ದ. ಮಳೆ ತೊಳೆಯಲಾಗದ ಗೊಬ್ಬರವನ್ನು ಬೇರೂ ಬಳಸಲಾಗಲಿಲ್ಲ. ಜೊತೆಗೆ ಸಾರಜನಕ ಗಾಳಿಯಿಂದಲೇ ಸಾಕಷ್ಟು ಸಿಗುತ್ತದೆಂದು ಅವನು ನಂಬಿದ್ದ. ಲಂಡನ್ನಿನ ಉತ್ತರಕ್ಕೆ ರೋಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1843ರಲ್ಲಿ ಆರಂಭಿಸಿದ ಹೊಲದ ಪ್ರಯೋಗಗಳು ಅದೂ ತಪ್ಪೆಂದು ತೋರಿಸಿದವು. ಅಲ್ಲಿನ ಬ್ರಾಡ್‌ಬಾಕ್ ಹೊಲದಲ್ಲಿ ಒಂದು ಪಟ್ಟಿಗೆ ಗೊಬ್ಬರವೇ ಇಲ್ಲ, ಒಂದಕ್ಕೆ ಸಗಣಿ ಗೊಬ್ಬರ, ಉಳಿದವಕ್ಕೆ ಬೇರೆ ಬೇರೆ ಲವಣಗಳು. ಆ ಹೊಲದಲ್ಲಿ ಇಂದಿಗೂ ಗೋಧಿ ಬಿತ್ತುತ್ತಾರೆ.

ಮಳೆಗೆ ಲವಣ ಕೊಚ್ಚಿಹೋಗುವುದಿಲ್ಲವೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಅದೇ ಹೊತ್ತಿನಲ್ಲಿ. ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್ ಮಣ್ಣಿಗೆ ಮೇಲಿನಿಂದ ಅಮೋನಿಯಂ ಸಲ್ಫೇಟ್ ದ್ರಾವಣ ಸುರಿದು ನೋಡಿದ. ಕೆಳಗೆ ಸೋರಿ ಬಂದದ್ದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್. ಅಮೋನಿಯಾವನ್ನು ಮಣ್ಣು ಹಿಡಿದಿಟ್ಟುಕೊಂಡು, ಬದಲಿಗೆ ಸುಣ್ಣದ ಅಂಶವನ್ನು ಬಿಟ್ಟುಕೊಟ್ಟಿತ್ತು. ಸಂತೆಯಲ್ಲಿ ಕಾಳು ಕೊಟ್ಟು ಉಪ್ಪು ತಂದ ಹಾಗೆ. ರಸಾಯನ ವಿಜ್ಞಾನಿ ಥಾಮಸ್ ವೇ 1850ರಿಂದ ಇದನ್ನು ವಿವರವಾಗಿ ಅಧ್ಯಯನ ಮಾಡಿ, ಈ ಗುಣ ಮಣ್ಣಿನ ಜೇಡಿಗೆ ಸೇರಿದ್ದು ಎಂದು ತೋರಿಸಿದ. ಇಂದು ಅದರ ಕಾರಣ ಗೊತ್ತಿದೆ. ಜೇಡಿಯ ಕಣಗಳಲ್ಲಿ ಋಣ ವಿದ್ಯುದಂಶವಿದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಅಮೋನಿಯಂಗಳ ಧನ ಅಯಾನುಗಳು ಅವಕ್ಕೆ ಅಂಟಿಕೊಂಡಿರುತ್ತವೆ. ಲೀಬಿಗ್ ಮೊದಲು ವೇಯ ಮಾತನ್ನು ಒಪ್ಪಲಿಲ್ಲ. ಕೊನೆಗೆ ಒಪ್ಪಿಕೊಂಡು, ಮಣ್ಣನ್ನು ಸೃಷ್ಟಿಸಿದವನ ಜಾಣತನದ ಮೇಲೆ ನಂಬಿಕೆ ಇಡದೆ ತಾನು ತಪ್ಪು ಮಾಡಿದೆ ಎಂದು ತನ್ನ ಪುಸ್ತಕದ ನಂತರದ ಆವೃತ್ತಿಯಲ್ಲಿ ಬರೆದ. ಅಷ್ಟು ದೊಡ್ಡ ವಿಜ್ಞಾನಿ ಅಷ್ಟು ಬಹಿರಂಗವಾಗಿ ತಪ್ಪೊಪ್ಪಿಕೊಂಡ ಉದಾಹರಣೆಗಳು ಹೆಚ್ಚಿಲ್ಲ.

ಅಮೃತಶಿಲೆಯ ಮೇಲಿನ ಗೆರೆ

ಮಣ್ಣು ಹಿಡಿದಿಟ್ಟುಕೊಂಡದ್ದನ್ನು ಬೇರು ಬಿಡಿಸಿಕೊಳ್ಳುವುದು ಹೇಗೆ? ಜರ್ಮನಿಯ ಯೂಲಿಯುಸ್ ಸಾಕ್ಸ್ ಇದಕ್ಕೊಂದು ಸೊಗಸಾದ ಉತ್ತರ ತೋರಿಸಿದ. ನುಣುಪು ಮಾಡಿದ ಅಮೃತಶಿಲೆಯ ಹಲಗೆಯನ್ನು ಕುಂಡದ ತಳದಲ್ಲಿಟ್ಟು ಮೇಲೆ ಗಿಡ ಬೆಳೆಸಿದ. ಬೇರುಗಳು ಕೆಳಗಿಳಿದು ಕಲ್ಲಿನ ಮೇಲೆ ಹರಡಿದವು. ಕೆಲವು ದಿನಗಳ ನಂತರ ಹಲಗೆ ತೆಗೆದು ನೋಡಿದರೆ ಬೇರು ಹಾದುಹೋದಲ್ಲೆಲ್ಲ ಸಣ್ಣ ಗೆರೆ ಕೊರೆದಿತ್ತು. ಬೇರು ಸುಮ್ಮನೆ ಬಾಯಿ ತೆರೆದು ಕೂತಿಲ್ಲ. ಅದು ಆಮ್ಲ ಸೂಸಿ ಕಲ್ಲನ್ನೇ ಕರಗಿಸುತ್ತದೆ. ಬೇರು ಹೊರಬಿಡುವ ಜಲಜನಕದ ಅಯಾನುಗಳು ಜೇಡಿಯ ಮೇಲೆ ಕುಳಿತು, ಅಲ್ಲಿದ್ದ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಎಬ್ಬಿಸಿ ಕಳಿಸುತ್ತವೆ. ಥಾಂಪ್ಸನ್ ಮಣ್ಣಿನ ಮೇಲೆ ಮಾಡಿದ ವಿನಿಮಯವನ್ನು ಬೇರು ಗಳಿಗೆ ಗಳಿಗೆಗೂ ಮಾಡುತ್ತಿರುತ್ತದೆ.

ಬೇರು ಒಂಟಿಯಾಗಿಯೂ ಇಲ್ಲ. 1880ರ ದಶಕದಲ್ಲಿ ಪ್ರಷ್ಯಾದ ಸರ್ಕಾರ ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸುವ ದಾರಿ ಹುಡುಕಲು ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿಗೆ ಹೇಳಿತು. ಅಣಬೆ ಬೆಳೆಸಲು ಆಗಲಿಲ್ಲ. ಆದರೆ ಮರದ ಬೇರಿನ ಸುತ್ತ ಶಿಲೀಂಧ್ರ ಹೊದಿಕೆಯಂತೆ ಸುತ್ತಿಕೊಂಡದ್ದನ್ನು ಫ್ರಾಂಕ್ ಗಮನಿಸಿದ. ಅದು ರೋಗವಲ್ಲ, ಕೊಡುಕೊಳ್ಳುವಿಕೆ ಎಂದು ಗುರುತಿಸಿ 1885ರಲ್ಲಿ ಮೈಕೊರೈಜಾ ಎಂಬ ಹೆಸರಿಟ್ಟ. ಬೇರು ತಲುಪದ ಸಂದಿಗಳಿಗೆ ಶಿಲೀಂಧ್ರದ ಎಳೆಗಳು ಹೋಗಿ, ವಿಶೇಷವಾಗಿ ರಂಜಕವನ್ನು ತಂದುಕೊಟ್ಟು, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ.

ಬೇರಿನ ಒಳಗೆ ಲವಣ ಹೋಗುವುದು ಸುಮ್ಮನೆ ಸೋರಿ ಅಲ್ಲ ಎಂಬುದು ಇಪ್ಪತ್ತನೇ ಶತಮಾನದಲ್ಲಿ ಸ್ಪಷ್ಟವಾಯಿತು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೆನಿಸ್ ಹೋಗ್ಲಂಡ್ ನೈಟೆಲ್ಲಾ ಎಂಬ ಪಾಚಿಯ ದೊಡ್ಡ ಕೋಶಗಳ ರಸವನ್ನು ತೆಗೆದು ಅಳೆದರು. ಹೊರಗಿನ ನೀರಿಗಿಂತ ಒಳಗಿನ ರಸದಲ್ಲಿ ಲವಣ ಎಷ್ಟೋ ಪಾಲು ಹೆಚ್ಚಿತ್ತು. ಇಳಿಜಾರಿಗೆ ನೀರು ತಾನೇ ಹರಿಯುತ್ತದೆ, ದಿಬ್ಬ ಹತ್ತಿಸಲು ಪಂಪು ಬೇಕು. ಗಿಡ ತನ್ನ ಶಕ್ತಿ ಖರ್ಚು ಮಾಡಿ ಲವಣವನ್ನು ದಿಬ್ಬ ಹತ್ತಿಸುತ್ತದೆ. 1952ರಲ್ಲಿ ಎಮಾನ್ಯುಯೆಲ್ ಎಪ್ಸ್ಟೀನ್ ಬಾರ್ಲಿಯ ಬೇರುಗಳಲ್ಲಿ ವಿಕಿರಣಶೀಲ ರುಬಿಡಿಯಂ ಬಳಸಿ ಒಳಹೋಗುವ ವೇಗವನ್ನು ಅಳೆದರು. ಒಂದು ಮಿತಿಯ ನಂತರ ಹೊರಗೆ ಎಷ್ಟೇ ಲವಣವಿದ್ದರೂ ವೇಗ ಏರಲಿಲ್ಲ. ನದಿ ದಾಟಿಸುವ ದೋಣಿಗಳೆಲ್ಲ ತುಂಬಿದ ಮೇಲೆ ದಡದಲ್ಲಿ ಜನ ಎಷ್ಟಿದ್ದರೇನು? ಕೋಶದ ಪೊರೆಯಲ್ಲಿ ಲವಣಗಳನ್ನು ದಾಟಿಸುವ ವಾಹಕಗಳಿವೆ ಎಂಬುದಕ್ಕೆ ಇದು ಬಲವಾದ ಸಾಕ್ಷಿಯಾಯಿತು. ಸೋಸ್ಯೂರ್ ಕಂಡ ಆಯ್ಕೆಯ ಗುಟ್ಟು ಈ ವಾಹಕಗಳಲ್ಲಿತ್ತು.

ಡಬ್ಬಿಯೊಳಗಿನ ಕಲ್ಮಶ

ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನೋಪ್ 1860ರ ಸುಮಾರಿಗೆ ಇನ್ನೊಂದು ದಾರಿ ತೆರೆದರು. ಮಣ್ಣನ್ನು ಪೂರ್ತಿ ಬಿಟ್ಟು, ಗೊತ್ತಿರುವ ಲವಣಗಳನ್ನಷ್ಟೇ ನೀರಿಗೆ ಹಾಕಿ ಗಿಡ ಬೆಳೆಸಿದರು. ಎಲ್ಲ ಇರುವ ದ್ರಾವಣದಲ್ಲಿ ಗಿಡ ಬೀಜ ಬಿಡುವವರೆಗೂ ಬೆಳೆಯಿತು. ಇನ್ನು ಒಂದೊಂದನ್ನೇ ಕೈಬಿಡುತ್ತ ಹೋದರಾಯಿತು. ಕಬ್ಬಿಣ ಬಿಟ್ಟರೆ ಎಲೆ ಬಿಳಿಚುತ್ತದೆ, ಪೊಟ್ಯಾಸಿಯಂ ಬಿಟ್ಟರೆ ಗಿಡ ಏಳುವುದಿಲ್ಲ. ಹೆಲ್ಮಾಂಟನ ತಕ್ಕಡಿಯ ಕಾಲ ಅಲ್ಲಿಗೆ ಮುಗಿಯಿತು ಎನ್ನಬಹುದು. ಎಷ್ಟು ತೂಗುತ್ತದೆ ಎಂಬ ಪ್ರಶ್ನೆಯ ಜಾಗದಲ್ಲಿ ಯಾವುದಿಲ್ಲದೆ ಆಗದು ಎಂಬ ಪ್ರಶ್ನೆ ಬಂತು. ನನ್ನ ಓದಿನಲ್ಲಿ ಇಡೀ ಕಥೆಯ ತಿರುವು ಇದೇ.

ಹೀಗೆ ಹತ್ತು ಮೂಲವಸ್ತುಗಳ ಪಟ್ಟಿ ಸಿದ್ಧವಾಯಿತು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ರಂಜಕ, ಗಂಧಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ. ಹತ್ತು ಸಾಕು, ಗಿಡ ಬೆಳೆಯುತ್ತಿದೆಯಲ್ಲ ಎಂದು ಜನ ಐವತ್ತು ವರ್ಷ ನಂಬಿದ್ದರು.

ಆದರೆ ಎರಡು ಔನ್ಸಿನ ಕಥೆ ಮತ್ತೆ ನಡೆದಿತ್ತು. ಆ ಕಾಲದ ಲವಣಗಳು ಪೂರ್ತಿ ಶುದ್ಧವಾಗಿರಲಿಲ್ಲ. ಲವಣದ ಡಬ್ಬಿಯಲ್ಲಿ, ನೀರಿನಲ್ಲಿ, ಗಾಜಿನ ಪಾತ್ರೆಯಲ್ಲಿ, ಬಿತ್ತಿದ ಬೀಜದಲ್ಲಿ ಇನ್ನೇನೇನೋ ಸೂಕ್ಷ್ಮವಾಗಿ ಬೆರೆತಿದ್ದವು. ಗಿಡ ಬೆಳೆದದ್ದು ಪಟ್ಟಿಯ ಹತ್ತರಿಂದ ಮಾತ್ರವಲ್ಲ, ಪಟ್ಟಿಯಲ್ಲಿಲ್ಲದ ಕಲ್ಮಶದಿಂದಲೂ. ಲವಣಗಳನ್ನು ಶುದ್ಧ ಮಾಡಿದಷ್ಟೂ ಗಿಡ ಸೊರ. 1914ರ ಹೊತ್ತಿಗೆ ಫ್ರಾನ್ಸಿನ ಪಿಯರ್ ಮಾಜೇ ಮೆಕ್ಕೆಜೋಳಕ್ಕೆ ಸತು ಬೇಕೆಂದು ಹೇಳಿದರು. 1923ರಲ್ಲಿ ಅದೇ ರೋಥಮ್‌ಸ್ಟೆಡ್‌ನಲ್ಲಿ ಕ್ಯಾಥರೀನ್ ವಾರಿಂಗ್ಟನ್ ಅವರು ಬೋರಾನ್ ಇಲ್ಲದೆ ಅವರೆಯ ಜಾತಿಯ ಗಿಡವೊಂದು ಬದುಕದೆಂದು ತೋರಿಸಿದರು. 1926ರಲ್ಲಿ ಅನ್ನಾ ಸಾಮರ್ ಮತ್ತು ಚಾರ್ಲ್ಸ್ ಲಿಪ್‌ಮನ್ ಸತು, ಬೋರಾನ್ ಎರಡರ ಅಗತ್ಯವನ್ನೂ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದರು. 1939ರಲ್ಲಿ ಡೇನಿಯಲ್ ಆರ್ನನ್ ಮತ್ತು ಪೆರ್ರಿ ಸ್ಟೌಟ್ ಟೊಮೆಟೊ ಗಿಡಕ್ಕೆ ಮಾಲಿಬ್ಡಿನಂ ಬೇಕೆಂದು ತೋರಿಸಿದರು. ಹತ್ತು ಕೋಟಿ ಪಾಲು ದ್ರಾವಣಕ್ಕೆ ಒಂದು ಪಾಲು ಇದ್ದರೆ ಸಾಕಿತ್ತು. ಯಾವುದನ್ನು ಅಗತ್ಯ ಎನ್ನಬೇಕು ಎಂಬುದಕ್ಕೂ ಅದೇ ವರ್ಷ ಅವರು ನಿಯಮ ಕಟ್ಟಿದರು. ಅದಿಲ್ಲದೆ ಗಿಡದ ಬಾಳು ಪೂರ್ಣವಾಗಬಾರದು, ಅದರ ಕೆಲಸವನ್ನು ಇನ್ನೊಂದು ಮಾಡಬಾರದು, ಗಿಡದ ಒಳಗೆ ಅದಕ್ಕೆ ನೇರ ಪಾತ್ರವಿರಬೇಕು. ಆ ನಿಯಮದಲ್ಲಿ ಪ್ರಮಾಣದ ಮಾತೇ ಇಲ್ಲ. 1987ರಲ್ಲಿ ನಿಕಲ್ ಸೇರಿ ಇಂದು ಪಟ್ಟಿಯಲ್ಲಿ ಹದಿನೇಳು ಮೂಲವಸ್ತುಗಳಿವೆ.

ನಮ್ಮ ಹೊಲ

ಈ ಇತಿಹಾಸದ ಒಂದು ಕವಲು ನಮ್ಮ ಕಡೆಗೂ ಬರುತ್ತದೆ. 1889ರಲ್ಲಿ ಬ್ರಿಟಿಷ್ ಸರ್ಕಾರ ಜಾನ್ ಆಗಸ್ಟಸ್ ವೋಲ್ಕರ್ ಎಂಬ ಕೃಷಿ ರಸಾಯನ ವಿಜ್ಞಾನಿಯನ್ನು ಭಾರತಕ್ಕೆ ಕಳಿಸಿತು. ರೈತರಿಗೆ ಪಾಠ ಹೇಳಲು ಬಂದವನು, ಇಲ್ಲಿನ ರೈತರಿಂದ ಕಲಿಯುವುದೂ ಬಹಳವಿದೆ ಎಂದು 1893ರ ತನ್ನ ವರದಿಯಲ್ಲಿ ಬರೆದ. ಉರುವಲು ಸಿಗದೆ ಸಗಣಿಯನ್ನು ಕುಳ್ಳು ತಟ್ಟಿ ಸುಡುವುದರಿಂದ ಹೊಲಕ್ಕೆ ಹೋಗಬೇಕಾದದ್ದು ಒಲೆಗೆ ಹೋಗುತ್ತಿದೆ ಎಂದು ಎಚ್ಚರಿಸಿದ. 1899ರಲ್ಲಿ ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿ ಕೊಟ್ಟರು, ಡಾ. ಲೇಮನ್ ಎಂಬ ರಸಾಯನ ವಿಜ್ಞಾನಿ ಅಲ್ಲಿ ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಅಧ್ಯಯನ ಆರಂಭಿಸಿದರು.

ಮುಂದಿನ ದಶಕಗಳಲ್ಲಿ ನಮ್ಮ ಹಳ್ಳಿಗಳಿಗೆ ಬಂದದ್ದು ಚೀಲದ ಗೊಬ್ಬರ. ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರರ ಸಂಖ್ಯೆಗಳು. ಆ ಮೂರು ಸಂಖ್ಯೆಗಳೇ ಮಣ್ಣಿನ ಪೂರ್ತಿ ಲೆಕ್ಕ ಎಂಬ ಭಾವನೆಯೂ ಚೀಲದ ಜೊತೆ ಬಂತು. ಅನ್ನ ಕೊಟ್ಟ ಗೊಬ್ಬರ ಅದು, ಅಲ್ಲಗಳೆಯಲಾರೆ. ಆದರೆ ಆ ಮೂರನ್ನು ಹಾಕಿ ಹೆಚ್ಚು ಬೆಳೆದಷ್ಟೂ, ಕಾಳಿನ ಜೊತೆ ಉಳಿದವೂ ಹೊಲದಾಚೆ ಹೋಗುತ್ತಿದ್ದವು. ಕಣಿಕೆ, ಸಗಣಿ, ಬೂದಿಯ ರೂಪದಲ್ಲಿ ಅವು ತಿರುಗಿ ಬರುವ ದಾರಿಯೂ ಕಿರಿದಾಗುತ್ತ ಬಂತು. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಜೊತೆ ಸೇರಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಗಂಧಕ, ಸತು, ಬೋರಾನ್‌ಗಳ ವ್ಯಾಪಕ ಕೊರತೆ.

ಅಪ್ಪ ಮಣ್ಣು ಪರೀಕ್ಷೆ ಮಾಡಿಸಿದರು. ಸತು ಕಡಿಮೆ ಎಂದೇ ಬಂತು. ಕಡಿಮೆ ಎಂದರೆ ಮಣ್ಣಿನಲ್ಲಿ ಇಲ್ಲವೆಂದಲ್ಲ, ಬೇರಿಗೆ ಸಿಗುವಂತಿಲ್ಲ ಎಂದು ಗೆಳತಿ ವಿವರಿಸಿದಳು. ನಮ್ಮದು ಸುಣ್ಣದ ಅಂಶವಿರುವ ಕ್ಷಾರ ಮಣ್ಣು. ಅಂಥಲ್ಲಿ ಸತು ಕರಗದೆ ಕೂತುಬಿಡುತ್ತದೆ. ಲೀಬಿಗ್‌ನ ಗೊಬ್ಬರದ ಹಾಗೆ ಇದ್ದೂ ಇಲ್ಲದಂತೆ. ಅಜ್ಜಿಯ ಬೂದಿ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ, ಬೂದಿಯೂ ಕ್ಷಾರವೇ. ಎಕರೆಗೆ ಹತ್ತು ಕಿಲೋ ಸತುವಿನ ಸಲ್ಫೇಟ್ ಹಾಕಬೇಕೆಂದಾಗ ಅಪ್ಪ ನಂಬಲಿಲ್ಲ. "ಬರೇ ಹತ್ತು ಕಿಲೋ? ಅದು ಹೊಲದಾಗ ಎಲ್ಲಿ ಕಾಣಿಸ್ತೈತಿ?" ಅದರಲ್ಲಿಯೂ ಸತು ಇರುವುದು ಸುಮಾರು ಎರಡು ಕಿಲೋ ಮಾತ್ರ, ಗಿಡಕ್ಕೆ ಹೋಗುವುದು ಅದರಲ್ಲೂ ಒಂದು ಹಿಡಿ ಎಂದು ನಾನು ಹೇಳಲಿಲ್ಲ. ಬದಲಿಗೆ ಕುಂಡದ ಮರದ ಕಥೆ ಹೇಳಿದೆ. ಎಲ್ಲ ಕೇಳಿ ಅಪ್ಪ ಅಂದರು: "ಐದು ವರ್ಷ ಕಾದು ಮರ ಕಿತ್ತಾನ. ಆ ಮಣ್ಣಾಗ ಮತ್ತೊಂದು ಸಸಿ ಹಚ್ಚಿ ನೋಡಬೇಕಿತ್ತು, ಆಗ ತಿಳೀತಿತ್ತು."

ನಾನು ಓದಿದ ಯಾವ ವಿದ್ವಾಂಸರೂ ಹೆಲ್ಮಾಂಟನ ಪ್ರಯೋಗಕ್ಕೆ ಇಂಥ ಟೀಕೆ ಬರೆದಿರಲಿಲ್ಲ. ಅದೇ ಕುಂಡದಲ್ಲಿ ಎರಡನೆಯ ಮರ, ಮೂರನೆಯ ಮರ ನೆಡುತ್ತ ಹೋಗಿದ್ದರೆ ಒಂದು ಹಂತದಲ್ಲಿ ಮರ ಸೊರಗಿ, ಎರಡು ಔನ್ಸ್ ತಾನಾಗಿ ಮಾತಾಡುತ್ತಿತ್ತು. ವರ್ಷ ವರ್ಷವೂ ಅದೇ ಮಣ್ಣಿಗೆ ಬಿತ್ತುವವರಿಗೆ ಹೊಳೆಯುವ ಪ್ರಶ್ನೆ ಅದು.

ಆ ಹಂಗಾಮಿನಲ್ಲಿ ಎಲೆಗೆ ಸಿಂಪಡಿಸಿದ್ದರಿಂದ ಬೆಳೆ ಅರ್ಧಂಬರ್ಧ ಚೇತರಿಸಿಕೊಂಡಿತು. ಈ ವರ್ಷ ಬಿತ್ತುವ ಮುಂಚೆಯೇ ಮಣ್ಣಿಗೆ ಹಾಕಿದರು. ಜುಲೈನಲ್ಲಿ ಮತ್ತೆ ಫೋಟೋ ಬಂತು. ಹೊಲದ ತುಂಬ ಹಸಿರು. ಮೂಲೆಯಲ್ಲಿ, ಬದುವಿನ ಪಕ್ಕ, ಎರಡು ಸಾಲು ಮಾತ್ರ ಬಿಳಿಚಿಕೊಂಡಿದ್ದವು. ಹಾಕುವುದನ್ನು ಮರೆತಿರಾ ಎಂದು ಕೇಳಿದೆ.

"ಮರ್ತಿಲ್ಲ" ಎಂದರು ಅಪ್ಪ. "ಬೇಕಂತ ಬಿಟ್ಟೇನಿ. ಇಲ್ಲದಿದ್ರ ಏನಾಗ್ತೈತಿ ನೋಡೂಣು ಅಂತ."